ಕೂತರೆ ಬೀಳುವ ಶಟರ್

ನಮ್ಮೂರಿನ ಪೇಟೆಯಲ್ಲಿ ಕೆಲಸದಲ್ಲಿರುವವರು ಕೂತರೆ ಶಟರ್ ಬೀಳುತ್ತದೆ. ತಾನಾಗಿಯೇ ಬೀಳುತ್ತದೆ, ಧಡಾರ್ ಅಂತ. ಕೂತವರು ಎದ್ದು ನಿಲ್ಲುವ ತನಕ ನಾಲ್ಕು ಜನ ಗಂಡಸರು ಸೇರಿ ಹಾರೆ ಹಾಕಿದರೂ ಮೇಲೇಳುವುದಿಲ್ಲ. ಯಾಕೆ ಹೀಗೆ ಎಂದು ಹೊರಗಿನ ಗಿರಾಕಿಗಳು ಕೇಳುತ್ತಾರೆ. ಅವರೂರಲ್ಲಿ ಮಳೆ ಯಾಕೆ ಮೇಲಿನಿಂದ ಕೆಳಕ್ಕೇ ಬೀಳುತ್ತದೆ ಎಂದು ನಾವು ಯಾವತ್ತಾದರೂ ಕೇಳಿದ್ದೇವೆಯೇ? ಸೀರೆ ನೋಡಿ, ಬೇಕಾದರೆ ತಗೊಳ್ಳಿ, ಹೊರಡಿ.

ನಾವಂತೂ ಒಗ್ಗಿಕೊಂಡಿದ್ದೇವೆ. ನಮ್ಮ ದರ್ಜಿಗಳು ಮಿಷನ್ನಿನ ಕೆಳಗೆ ಇಟ್ಟಿಗೆ ಪೇರಿಸಿ, ಒಂದು ಕಾಲು ಪೆಡಲಿನ ಮೇಲೆ, ಇನ್ನೊಂದು ನೆಲದ ಮೇಲೆ ಇಟ್ಟು ನಿಂತೇ ಹೊಲಿಯುತ್ತಾರೆ. ಹಾಗಾಗಿ ಅವರಿಗೆ ಒಂದು ಕಾಲು ಸಣ್ಣ, ಒಂದು ಕಾಲು ದಪ್ಪ. ತಮ್ಮ ಪ್ಯಾಂಟನ್ನು ತಾವೇ ಹೊಲಿದುಕೊಳ್ಳುವವರಾದ್ದರಿಂದ ಹೊರಗಿನವರಿಗೆ ತಿಳಿಯುವುದಿಲ್ಲ, ಅಷ್ಟೆ. ಬ್ಯಾಂಕಿನವರು ಎದೆಮಟ್ಟದ ಮೇಜು ಮಾಡಿಸಿಕೊಂಡಿದ್ದಾರೆ. ಒರಗಿ ನಿಲ್ಲುವುದಕ್ಕೆ ಅಡ್ಡಿಯಿಲ್ಲ, ಆದರೆ ತೀರಾ ಒರಗಿದರೆ ಶಟರ್ ಗಡಗಡ ನಡುಗಿ ಎಚ್ಚರಿಕೆ ಕೊಡುತ್ತದೆ. ಪ್ರತಿ ಅಂಗಡಿಯಲ್ಲೂ ಒಂದು ಕಂಬವಿರುತ್ತದೆ. ಅದಕ್ಕೆ ಬೆನ್ನು ಕೊಡುವ ಹಕ್ಕು ಎಲ್ಲರಿಗಿಂತ ಹಳಬರದು. ಮದುವೆ ಮಾತುಕತೆಯಲ್ಲಿ "ಹುಡುಗನಿಗೆ ಆಗಲೇ ಕಂಬ ಸಿಕ್ಕಿದೆ" ಎಂದರೆ ಹೆಣ್ಣಿನ ಕಡೆಯವರು ಮರುಮಾತಾಡದೆ ಎಲೆ ಅಡಿಕೆ ತರಿಸುತ್ತಾರೆ.

ಸಾವುಕಾರರು ಮಾತ್ರ ಬೆಳಿಗ್ಗೆಯಿಂದ ಸಂಜೆಯವರೆಗೆ ಗಾದಿಯ ಮೇಲೆ ಕೂತೇ ಇರುತ್ತಾರೆ. ಅವರು ಕೂತರೆ ಶಟರ್ ಬೀಳುವುದಿಲ್ಲ. ಅವರ ಪುಣ್ಯ ದೊಡ್ಡದು ಎಂದು ನಾವೆಲ್ಲ ತಿಳಿದಿದ್ದೆವು. ಅವರೂ ಹಾಗೆಯೇ ತಿಳಿದಿದ್ದರು.

ನಾನು ಇಂದಿರಾ, ಪರಮಶಿವಯ್ಯನವರ ಸೀರೆ ಅಂಗಡಿಯಲ್ಲಿ ರವಿಕೆ ಬಟ್ಟೆ ಅಳೆಯುವವಳು. ನನ್ನ ಪಕ್ಕದ ಕೌಂಟರಿನಲ್ಲಿ ರೇಷ್ಮೆ ಸೀರೆ ತೋರಿಸುವವಳು ಪಂಕಜಕ್ಕ. ಈ ಕಥೆ ಅವಳದು. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವರಿಗೆ ಯಾವ ಬಣ್ಣ ಒಪ್ಪುತ್ತದೆ, ಜೊತೆಗೆ ಬಂದ ಅತ್ತೆ ಯಾವ ಬಣ್ಣಕ್ಕೆ ಮೂಗು ಮುರಿಯುತ್ತಾಳೆ ಎಂದು ಹೇಳಿಬಿಡುತ್ತಿದ್ದಳು. ಮಾತು ಮೃದು, ಕೈ ಚುರುಕು, ನಗು ಯಾವಾಗಲೂ ತುಟಿಯಂಚಿನಲ್ಲಿ. ಮತ್ತು ಪೇಟೆಯಲ್ಲಿ ಅವಳಷ್ಟು "ಅನುಭವ" ಇದ್ದವರು ಇನ್ನೊಬ್ಬರಿರಲಿಲ್ಲ.

ಅನುಭವ ಎಂದರೆ ನಮ್ಮಲ್ಲಿ ಕಾಲಿನ ನರ. ಕೆಲಸ ಕೇಳಿಕೊಂಡು ಹೋದ ಹೆಂಗಸರನ್ನು ಸಾವುಕಾರರ ಮನೆಯವರು ಒಳಗೆ ಕರೆದು, ಸೀರೆಯ ಅಂಚು ಎತ್ತಿಸಿ, ಮೀನಖಂಡ ನೋಡುತ್ತಾರೆ. ನುಣ್ಣಗಿದ್ದರೆ ಹೊಸಬಳು, ಸಂಬಳ ಕಡಿಮೆ. ಹಸಿರು ನರ ಉಬ್ಬಿ, ಸುತ್ತಿ, ಗಂಟು ಗಂಟಾಗಿ ಎದ್ದಿದ್ದರೆ "ಒಳ್ಳೇ ಅನುಭವ ಇದೆ ರೀ" ಎಂದು ಸೇರಿಸಿಕೊಳ್ಳುತ್ತಾರೆ. ಹೋದ ವರ್ಷ ಒಬ್ಬ ಹುಡುಗಿ ಬಾಲ್‌ಪೆನ್ನಿನಲ್ಲಿ ನರ ಬರೆದುಕೊಂಡು ಬಂದಿದ್ದಳು. ಪಾಪ, ಬೆವರಿಗೆ ಅಳಿಸಿ ಸಿಕ್ಕಿಬಿದ್ದಳು. ಈಗ ನಿಜವಾದದ್ದೇ ಬರುತ್ತಿದೆ, ಮೊನ್ನೆ ಖುಷಿಯಿಂದ ತೋರಿಸಿದಳು.

ಪಂಕಜಕ್ಕನ ಎಡಗಾಲಿನಲ್ಲಿ ಗಿಣ್ಣಿನ ಮೇಲ್ಗಡೆ, ಒಳಮಗ್ಗುಲಿಗೆ, ಚರ್ಮ ಮೊದಲು ತುರಿಸಿತು. ಆಮೇಲೆ ಕಂದಿತು. ಆಮೇಲೆ ಕೌಂಟರಿನ ಮೊಳೆ ತರಚಿ ಚಿಕ್ಕದೊಂದು ಗಾಯವಾಯಿತು. ಅರಿಸಿನ ಹಚ್ಚಿದಳು, ಕೊಬ್ಬರಿ ಎಣ್ಣೆ ಹಚ್ಚಿದಳು, ಯಾರೋ ಹೇಳಿದರೆಂದು ಹೊಂಗೆ ಎಣ್ಣೆಯನ್ನೂ ಹಚ್ಚಿದಳು. ಗಾಯ ಇದ್ಯಾವುದಕ್ಕೂ ಸೊಪ್ಪು ಹಾಕಲಿಲ್ಲ, ದೊಡ್ಡದಾಗುತ್ತಾ ಹೋಯಿತು. ಒಂದು ದಿನ ಗಿರಾಕಿಯ ಮುಂದೆ ಬಿಳಿ ರೇಷ್ಮೆ ಬಿಡಿಸಿದವಳು, "ಇಂದೂ, ಸ್ವಲ್ಪ ಕೆಳಗೆ ನೋಡೇ, ಸೀರೆಗೆ ತಾಗಿದೆಯಾ?" ಎಂದಳು. ನೋಡಿದೆ. ಕಾಲಿಂದ ನೀರು ಸೋರಿ ಚಪ್ಪಲಿ ಒದ್ದೆಯಾಗಿತ್ತು. ಇವಳಿಗೆ ಸೀರೆಯ ಚಿಂತೆ!

"ಅಕ್ಕಾ, ನಿನ್ನ ಕಾಲು ಕೊಳೀತಾ ಇದೆ. ನೀನು ಸೀರೆ ಸೀರೆ ಅಂತೀಯಲ್ಲ, ನಿಂಗೇನು ತಲೆ ಕೆಟ್ಟಿದೆಯಾ?" ಎಂದು ಬೈದೆ. ಪೇಟೆಯ ರಜೆಯ ದಿನ ಕೈಹಿಡಿದು ಡಾಕ್ಟರ್ ಅಶ್ವತ್ಥರ ಹತ್ತಿರ ಎಳೆದುಕೊಂಡು ಹೋದೆ.

ಅಶ್ವತ್ಥ ಡಾಕ್ಟರರ ದವಾಖಾನೆಗೂ ಶಟರ್ ಇದೆ. ಹಾಗಾಗಿ ಅವರೂ ನಿಂತೇ ನೋಡುತ್ತಾರೆ, ಮೊಣಕಾಲಿನವರೆಗೆ ಬಿಗಿಯಾದ ಕಾಲುಚೀಲ ಹಾಕಿಕೊಂಡು. ನಾವು ಹೋದಾಗ ಒಳಗಿನ ಮಂಚದ ಮೇಲೆ ಯಾರು ಮಲಗಿದ್ದರೆನ್ನುತ್ತೀರಿ? ನಮ್ಮ ಸಾವುಕಾರರೇ, ಪರಮಶಿವಯ್ಯನವರು. ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿದ್ದರು. ಕಾಲು ಎಷ್ಟು ನುಣುಪು! ಒಂದು ರೋಮವಿಲ್ಲ, ಒಂದು ನರ ಕಾಣುವುದಿಲ್ಲ. ಇಂಥ ಚೆಂದದ ಕಾಲಿಗೂ ಕಾಯಿಲೆ ಬರುತ್ತದೆಯೇ ಎಂದು ನನಗೆ ಆಶ್ಚರ್ಯವಾಯಿತು.

"ದೇವಸ್ಥಾನದವರೆಗೆ ನಡೆಯಕ್ಕಾಗಲ್ಲ ಡಾಕ್ಟ್ರೇ," ಸಾವುಕಾರರು ಗೋಳು ಹೇಳಿಕೊಳ್ಳುತ್ತಿದ್ದರು. "ನಾಕು ಹೆಜ್ಜೆ ಹಾಕಿದ್ರೆ ಮೀನಖಂಡ ಹಿಡ್ಕೊಳತ್ತೆ. ನಿಂತ್ರೆ ಬಿಡತ್ತೆ. ಮತ್ತೆ ನಡೆದ್ರೆ ಮತ್ತೆ ಹಿಡ್ಕೊಳತ್ತೆ. ಯಾರದೋ ದೃಷ್ಟಿ ಬಿದ್ದಿರ್ಬೇಕು."

ಡಾಕ್ಟರು ಅವರ ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿದರು. ಬಹಳ ಹೊತ್ತು ಹುಡುಕಿದರು. "ದೃಷ್ಟಿಯಲ್ಲ ಸಾವ್ಕಾರ್ರೇ. ಹೃದಯದಿಂದ ಕಾಲಿಗೆ ರಕ್ತ ತರೋ ನಾಳ ಒಳಗೇ ಕಟ್ಕೊಂಡಿದೆ. ಸಿಗರೇಟು, ಸಕ್ಕರೆ ಕಾಯಿಲೆ, ಜೊತೆಗೆ ಜೀವಮಾನವಿಡೀ ಗಾದಿ. ಸಿಗರೇಟು ಇವತ್ತೇ ಬಿಡಿ. ಮಾತ್ರೆ ತಗೊಳ್ಳಿ. ದಿನಾ ನಡೀರಿ. ನೋವು ಬಂದ್ರೆ ನಿಲ್ಲಿ, ಹೋದ್ಮೇಲೆ ಮತ್ತೆ ನಡೀರಿ. ಇಲ್ಲಾಂದ್ರೆ ಬೆರಳು ಕಪ್ಪಾಗೋದ್ರಿಂದ ಶುರುವಾಗತ್ತೆ, ಎಲ್ಲಿಗೆ ನಿಲ್ಲತ್ತೆ ಅಂತ ನಾನು ಹೇಳಲಾರೆ."

ಪಂಕಜಕ್ಕನ ಸರದಿ ಬಂತು. ಅವಳ ಪಾದದಲ್ಲೂ ಮೊದಲು ನಾಡಿ ನೋಡಿ, "ಇದು ಚೆನ್ನಾಗಿದೆ, ಬಿಗಿಯಾಗಿ ಪಟ್ಟಿ ಕಟ್ಬಹುದು" ಎಂದರು. "ನಿಂದು ಅವರದಕ್ಕೆ ಉಲ್ಟಾ ಕಣಮ್ಮ. ರಕ್ತ ಚೆನ್ನಾಗೇ ಇಳಿಯತ್ತೆ, ವಾಪಸ್ ಹತ್ತಲ್ಲ. ಮೀನಖಂಡ ಆಡಿದ್ರೆ ಅದು ಹಿಂಡಿ ಹಿಂಡಿ ಮೇಲೆ ಕಳಿಸತ್ತೆ. ನೀನು ಒಂದೇ ಕಡೆ ನೆಟ್ಟ ಹಾಗೆ ನಿಂತ್ರೆ ಹಿಂಡೋರು ಯಾರು? ನಾಳದೊಳಗೆ ಪುಟ್ಟ ಪುಟ್ಟ ಬಾಗಿಲಿರ್ತವೆ, ಹತ್ತಿದ ರಕ್ತ ಜಾರದ ಹಾಗೆ ತಡೆಯೋದಕ್ಕೆ. ಭಾರ ಹೊತ್ತು ಹೊತ್ತು ನಿನ್ನವು ಸಡಿಲಾಗಿವೆ. ಪಟ್ಟಿ ಕಟ್ತೀನಿ. ಆದರೆ ಹಗಲು ಆಗಾಗ ಕೂತು ಕಾಲು ಎದೆಮಟ್ಟಕ್ಕೆ ಎತ್ತಿ ಇಟ್ಕೋಬೇಕು. ಇಲ್ಲಾಂದ್ರೆ ಈ ಗಾಯ ಮಾಯಲ್ಲ. ಕೀವು ಒಳಗೆ ಹೋದ್ರೆ ಕಾಲಿಗೇ ಸಂಚಕಾರ."

"ಕೂರೋದಾ?" ಪಂಕಜಕ್ಕ ಮೆಲ್ಲಗೆ ಕೇಳಿದಳು, ಏನೋ ಮಾಡಬಾರದ್ದನ್ನು ಹೇಳಿಸಿಕೊಂಡವಳ ಹಾಗೆ. ಗಂಡ ಬೀದಿ ಮೂಲೆಯಲ್ಲಿ ಕೊಡೆ ರಿಪೇರಿ ಮಾಡುವವನು, ಮಳೆಗಾಲ ಬಿಟ್ಟರೆ ಸಂಪಾದನೆಯಿಲ್ಲ. ಶಟರ್ ಬೀಳಿಸಿದವಳೆಂದು ಹೆಸರು ಬಂದರೆ ಪೇಟೆಯಲ್ಲಿ ಯಾವ ಅಂಗಡಿಯೂ ಸೇರಿಸುವುದಿಲ್ಲ. ಕಾಲು ಉಳಿಸಿಕೊಂಡರೆ ಕೆಲಸ ಹೋಗುತ್ತದೆ, ಕೆಲಸ ಉಳಿಸಿಕೊಂಡರೆ ಕಾಲು ಹೋಗುತ್ತದೆ. ಕಾಲಿಲ್ಲದೆ ನಿಲ್ಲುವ ಕೆಲಸ ಯಾರು ಕೊಡುತ್ತಾರೆ? 

ಡಾಕ್ಟರು ಇಬ್ಬರನ್ನೂ ನೋಡಿ ನಕ್ಕರು. "ಒಬ್ರಿಗೆ ನಡಿ ಅಂತೀನಿ, ಒಬ್ರಿಗೆ ಕೂರು ಅಂತೀನಿ. ನೀವಿಬ್ರೂ ಜಾಗ ಬದಲಾಯಿಸ್ಕೊಂಡ್ರೆ ನಂಗೆ ಕೆಲಸವೇ ಇರಲ್ಲ."

ಅವರು ತಮಾಷೆಗೆ ಅಂದರು. ಆದರೆ ಸಾವುಕಾರರು ಎಷ್ಟೋ ಹೊತ್ತು ಯೋಚಿಸಿದರು. ಈ ಔಷಧಿಗೆ ಕಾಸು ಖರ್ಚಿಲ್ಲ ಎನ್ನುವುದು ಅವರಿಗೆ ಹಿಡಿಸಿತು. ಮದುವೆಯ ಕಾಲ ಬೇರೆ. ಪಂಕಜಕ್ಕ ಮನೆಯಲ್ಲಿ ಮಲಗಿದರೆ ರೇಷ್ಮೆ ಹೋಗುವುದಿಲ್ಲ. ಮರುದಿನ ಬೆಳಿಗ್ಗೆ ಅಂಗಡಿಯವರನ್ನೆಲ್ಲ ಕರೆದು, "ಇವತ್ತಿಂದ ನಾನು ಓಡಾಡ್ತೀನಿ. ಪಂಕಜ ಗಾದಿ ಮೇಲೆ ಕೂರ್ತಾಳೆ. ಏನೂ ಮಾಡದೆ ಕೂರ್ತಾಳೆ. ಏನೂ ಮಾಡದಿದ್ರೆ ಶಟರ್ ಯಾಕೆ ಬೀಳತ್ತೆ? ನಾನು ಇಷ್ಟು ವರ್ಷ ಕೂತಿಲ್ವಾ?" ಎಂದರು. ತಾವು ಏನು ಅಂದೆವೆಂದು ಅವರಿಗೆ ಹೊಳೆಯಲಿಲ್ಲ. ನಮಗೆ ಹೊಳೆದರೂ ನಾವು ನೆಲ ನೋಡಿದೆವು.

ಪಂಕಜಕ್ಕ ಹೆದರುತ್ತಾ ಗಾದಿ ಹತ್ತಿದಳು. ಕಾಲು ಚಾಚಿ ದಿಂಬಿನ ಮೇಲಿಟ್ಟಳು. ಎಲ್ಲರೂ ಶಟರಿನ ಕಡೆ ನೋಡಿದೆವು. ಬೀಳಲಿಲ್ಲ! ಅವಳು ಕಣ್ಣುಮುಚ್ಚಿ ಉಸಿರು ಬಿಟ್ಟಳು. ಅಷ್ಟರಲ್ಲಿ ಹೊಸ ಹುಡುಗಿ ಒಬ್ಬ ಕಪ್ಪನೆಯ ಹೆಂಗಸಿಗೆ ಬೂದು ಬಣ್ಣದ ಸೀರೆ ಬಿಡಿಸಿದಳು. "ಅದಲ್ವೇ, ಮೇಲಿನ ಸಾಲಲ್ಲಿ ಎಲೆಹಸಿರು ಇದೆ, ಅದನ್ನ ತೆಗಿ" ಎಂದು ಪಂಕಜಕ್ಕನ ಬಾಯಿಂದ ಬಂತು. ಧಡಾರ್!

"ಸುಮ್ನೆ ಕೂರೋದು ಅಂದ್ರೆ ಮಕ್ಕಳಾಟ ಅಲ್ಲಮ್ಮ," ಸಾವುಕಾರರು ಪಾಠಕ್ಕೆ ನಿಂತರು. "ನಂಗೆ ನಮ್ಮಪ್ಪ ಕೂರಿಸಿ ಕಲಿಸಿದ್ದು. ಕಣ್ಣು ಬೀದೀಲಿರ್ಲಿ. ಕೈ ಹೊಟ್ಟೆ ಮೇಲಿರ್ಲಿ. ಯಾರಾದ್ರೂ ಏನಾದ್ರೂ ಕೇಳಿದ್ರೆ 'ನೋಡೋಣ' ಅನ್ನು. ಅದಕ್ಕಿಂತ ಹೆಚ್ಚು ಮಾತು ಬೇಡ."

ಪಂಕಜಕ್ಕ ಕೈ ಹೊಟ್ಟೆಯ ಮೇಲಿಟ್ಟುಕೊಂಡಳು. ಹೊಟ್ಟೆಯ ಮೇಲಿದ್ದ ಕೈ ತನ್ನಷ್ಟಕ್ಕೆ ತಾನೇ ಪಕ್ಕದಲ್ಲಿ ಬಿದ್ದಿದ್ದ ಸೀರೆಯ ಕುಚ್ಚು ಬಿಡಿಸತೊಡಗಿತು. ಧಡಾರ್! ಕುಚ್ಚನ್ನು ದೂರ ಇಟ್ಟೆವು. ಸೀರೆಗಳನ್ನು ಕಣ್ಣಿಗೆ ಬೀಳದ ಕಡೆ ಸರಿಸಿದೆವು. ಬಾಯಲ್ಲಿ ಲವಂಗ ಇಟ್ಟುಕೊಂಡು, ಬೀದಿಯನ್ನೇ ನೋಡುತ್ತಾ, ಬೊಂಬೆಯ ಹಾಗೆ ಕೂತಳು. ಆಗಲೂ ಬಿತ್ತು. "ನಾನೇನೂ ಮಾಡ್ಲಿಲ್ಲ ಸಾವ್ಕಾರ್ರೇ, ದೇವರಾಣೆ!" ಎಂದಳು, ಕಣ್ಣಲ್ಲಿ ನೀರು.

"ಏನು ಯೋಚನೆ ಮಾಡ್ತಿದ್ದೆ?"

"ಹತ್ತಿ ಸೀರೆ ಮುಗೀತಾ ಬಂದಿದೆ, ಗೋಡೌನಿಂದ ಎರಡು ಕಟ್ಟು ತರಿಸ್ಬೇಕಲ್ಲ ಅಂತ."

ಸಾವುಕಾರರು ಬಾಯಿ ತೆರೆದುಕೊಂಡು ನಿಂತರು. "ಯೋಚನೆ ಮಾಡೋದೂ ಕೆಲಸಾನಾ? ನಂಗೆ ಇದು ಗೊತ್ತೇ ಇರ್ಲಿಲ್ವಲ್ಲ!"

ಆದರೂ ಅವಳನ್ನು ಏಳಿಸಲಿಲ್ಲ, ಅದಕ್ಕೊಂದು ಕಾರಣವಿತ್ತು. ಶಟರ್ ಬಿದ್ದಾಗ ಒಳಗೆ ಸಿಕ್ಕಿಕೊಂಡ ಗಿರಾಕಿಗಳು ಬೇರೆ ದಾರಿಯಿಲ್ಲದೆ ಇನ್ನೊಂದಿಷ್ಟು ಸೀರೆ ನೋಡುತ್ತಿದ್ದರು, ನೋಡಿದ ಮೇಲೆ ಕೊಳ್ಳುತ್ತಿದ್ದರು. ಹೀಗೆ ಬೀಳುತ್ತಾ ಏಳುತ್ತಾ ಪಂಕಜಕ್ಕನ ಕಾಲಿಗೆ ದಿನಕ್ಕೆ ಅಷ್ಟೋ ಇಷ್ಟೋ ವಿಶ್ರಾಂತಿ ಸಿಕ್ಕಿತು. ಗಾಯದ ಅಂಚು ಕೆಂಪಗೆ ಚಿಗುರಿತು. ಡಾಕ್ಟರು ನೋಡಿ, "ಶಭಾಷ್, ಹೀಗೇ ಇರ್ಲಿ" ಎಂದರು.

ಸಾವುಕಾರರೂ ಬದಲಾದರು. ಮೊದಮೊದಲು ರೇಷ್ಮೆ ಕೌಂಟರಿನಿಂದ ರವಿಕೆ ಕೌಂಟರಿಗೆ ಬರುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡು "ಅಯ್ಯಯ್ಯೋ" ಎಂದು ನಿಲ್ಲುತ್ತಿದ್ದರು. ದಿನ ಕಳೆದಂತೆ ಗೋಡೌನಿನವರೆಗೆ ನಡೆದರು. ಎರಡು ಕೈಯಲ್ಲೂ ಸೀರೆ ಇದ್ದದ್ದರಿಂದ ಸಿಗರೇಟು ಹಿಡಿಯಲು ಕೈಯಿರಲಿಲ್ಲ. ತಮ್ಮ ಅಂಗಡಿಯಲ್ಲಿ ಏನೇನಿದೆ ಎಂದು ಮೊದಲ ಸಲ ನೋಡಿ, "ಇಂಥಾ ನವಿಲುಗತ್ತಿನ ಬಣ್ಣ ನಮ್ಮಲ್ಲಿತ್ತಾ?" ಎಂದು ಹಿಗ್ಗಿದರು. ಸುಳ್ಳು ಯಾಕೆ ಹೇಳಲಿ, ಆ ದಿನಗಳಲ್ಲಿ ಅವರ ಮೇಲೆ ನನಗೆ ಸ್ವಲ್ಪ ಪ್ರೀತಿಯೇ ಬಂದಿತ್ತು.

ಹಾಗಿರುವಾಗ ಒಂದು ಮದುವೆ ದಿಬ್ಬಣವೇ ಸೀರೆಗೆ ಬಂತು. ಸಾವುಕಾರರು ಉತ್ಸಾಹದಿಂದ ಓಡಾಡಿ, ಸುಸ್ತಾಗಿ, ಗಿರಾಕಿಗಳ ಬೆಂಚಿನ ತುದಿಗೆ ಕೂತರು. ಮದುಮಗಳ ಅಜ್ಜಿಗೆ ಅಂಚಿನ ಜರಿ ತೋರಿಸುತ್ತಾ, ಮಾತಿನ ಭರದಲ್ಲಿ, ಬಿಡಿಸಿದ ಸೀರೆಯನ್ನು ಮಡಿಚತೊಡಗಿದರು. ಧಡಾರ್ ಎಂದು ಶಟರ್ ಬಿತ್ತು.

"ಯಾವಳೇ ಅದು ಕೂತಿದ್ದು?" ಸಾವುಕಾರರು ಗುಡುಗಿದರು. ಪಂಕಜಕ್ಕ ನೀರು ಕುಡಿಯಲು ಎದ್ದು ಹೋಗಿದ್ದವಳು ಲೋಟ ಹಿಡಿದು ನಿಂತಿದ್ದಳು. ನಾವೆಲ್ಲ ನಿಂತಿದ್ದೆವು. ಅಜ್ಜಿಯೇ ಕೊನೆಗೆ, "ನೀವೇ ಕೂತಿದ್ದೀರಲ್ಲ ಸ್ವಾಮಿ" ಎಂದರು.

ಸಾವುಕಾರರು ತಮ್ಮ ಕೈಯಲ್ಲಿದ್ದ ಮಡಿಕೆ ನೋಡಿದರು. ಎದ್ದು ನಿಂತರು. ಶಟರ್ ಎತ್ತಿಸಿದರು. ಮತ್ತೆ ಕೂತು ಮಡಿಚಿದರು. ಮತ್ತೆ ಬಿತ್ತು. "ನಂಗೆ ಬಿತ್ತು! ನಮ್ಮಪ್ಪನಿಗೆ ಬಿದ್ದಿರ್ಲಿಲ್ಲ, ತಾತನಿಗೆ ಬಿದ್ದಿರ್ಲಿಲ್ಲ. ನಂಗೆ ಬಿತ್ತು!" ಎಂದು ಶಟರ್ ಎತ್ತಿಸಿ ಬೀದಿಗೇ ಓಡಿದರು, ಮೀನಖಂಡದ ಪರಿವೆಯೂ ಇಲ್ಲದೆ.

ಪೇಟೆಯ ಸಾವುಕಾರರೆಲ್ಲ ಹೊಟ್ಟೆ ಉರಿದುಕೊಂಡರು. ವರ್ತಕರ ಸಂಘದ ಅಧ್ಯಕ್ಷರು ಪಾತ್ರೆ ಅಂಗಡಿ ಬಸವಲಿಂಗಯ್ಯನವರು. ಅವರು ಮರುದಿನವೇ ಗಾದಿಯ ಮೇಲೆ ಕೂತು, ಹಿತ್ತಾಳೆ ಕೊಳಗವೊಂದನ್ನು ತೊಡೆಯ ಮೇಲಿಟ್ಟುಕೊಂಡು, ಬೆಳಿಗ್ಗೆಯಿಂದ ಅದೇ ಜಾಗವನ್ನು ಒರೆಸಿದರು. ಶಟರ್ ಮಿಸುಕಲಿಲ್ಲ. ಕೊಳಗವೂ ಹೊಳೆಯಲಿಲ್ಲ. ಕಿರಾಣಿಯವರು ಕಡಲೆ ಆರಿಸುವವರಂತೆ ನಟಿಸುತ್ತಾ ಕಡಲೆ ತಿಂದರು. ಯಾರಿಗೂ ಬೀಳದಿದ್ದಾಗ, ಇದು ಪರಮಶಿವಯ್ಯನವರೊಬ್ಬರಿಗೇ ಒಲಿದ ಭಾಗ್ಯವೆಂದು ತೀರ್ಮಾನವಾಗಿ, ಸಂಘದ ವತಿಯಿಂದ ಸನ್ಮಾನ ಎಂದು ನಿಶ್ಚಯವಾಯಿತು.

ಅಲ್ಲಿಗೆ ಪಂಕಜಕ್ಕನ ಗ್ರಹಚಾರ ಕೆಟ್ಟಿತು. ಭಾಗ್ಯವಂತರನ್ನು ನೋಡಲು ಜನ ಬರತೊಡಗಿದರು. ನೋಡಲು ಬಂದವರಿಗೆ ಸಾವುಕಾರರು ಕಾಣಿಸಬೇಕಲ್ಲ? ಗಾದಿ ಅವರಿಗೆ ಬೇಕಾಯಿತು. ಶಾಲು ಹೊದ್ದು ಕೂತರು. ಓಡಾಟ ನಿಂತಿತು, ಸಿಗರೇಟು ಕೈಗೆ ವಾಪಸ್ ಬಂತು. ಈಗ ಅವರು ಕೂತರೆ ಶಟರ್ ಬೀಳುತ್ತಿರಲಿಲ್ಲ. ಮೊದಲಿನ ಹಾಗೆ ಕೂತಿದ್ದರಲ್ಲ. "ಒಂದ್ಸಲ ಬಿದ್ದದ್ದು ಸಾಲದೇನು" ಎನ್ನುತ್ತಿದ್ದರು.

ಪಂಕಜಕ್ಕ ಮತ್ತೆ ಕೌಂಟರಿನ ಹಿಂದೆ ನಿಂತಳು. ಚಿಗುರಿದ್ದ ಗಾಯ ವಾರದೊಳಗೆ ಬಿಚ್ಚಿಕೊಂಡಿತು. ಕಾಲು ಊದಿ ಹೊಸ ಚಪ್ಪಲಿಯ ಪಟ್ಟಿ ಹಿಡಿಸದಾಯಿತು. "ಸಾವ್ಕಾರ್ರೇ, ಮಧ್ಯಾಹ್ನ ಒಂದಿಷ್ಟು ಹೊತ್ತು ಮಾತ್ರ..." ಎಂದು ಕೇಳಿದಳು.

"ಮನೇಲಿ ಕೂತ್ಕೋ ಪಂಕಜಾ, ಯಾರು ಬೇಡ ಅಂದ್ರು? ಕಾಲು ವಾಸಿಯಾದ್ಮೇಲೆ ಬಾ. ಜಾಗ ಇದ್ರೆ ನೋಡೋಣ." ಆ "ನೋಡೋಣ" ಕೇಳಿ ನನ್ನ ಮೈಯೆಲ್ಲ ಉರಿಯಿತು. ಅವಳು ಬಂದು ನನ್ನ ಪಕ್ಕ ನಿಂತಳು.

ಸನ್ಮಾನ ನಡೆದದ್ದು ಸಂಘದ ಸಭಾಂಗಣದಲ್ಲಿ. ಪೇಟೆಗೆ ಅವತ್ತು ರಜೆ, ಅಂದರೆ ಸಂಬಳವಿಲ್ಲ. "ಯಾರಿಗೂ ಬಲವಂತ ಇಲ್ಲ, ಪ್ರೀತಿಯಿದ್ದವರು ಬನ್ನಿ. ಯಾರ್ಯಾರಿಗೆ ಪ್ರೀತಿ ಇಲ್ಲ ಅಂತ ನಾವು ನೋಡ್ಕೋತೀವಿ" ಎಂದು ಹೇಳಿ ಕಳಿಸಿದ್ದರು. ಹೀಗಾಗಿ ಎಲ್ಲರಿಗೂ ಪ್ರೀತಿ ಉಕ್ಕಿ ಬಂದಿತ್ತು. ಎಲ್ಲ ಅಂಗಡಿಗಳ ಕೆಲಸದವರನ್ನೂ ಹಿಂದಿನ ಗೋಡೆಯುದ್ದಕ್ಕೂ ನಿಲ್ಲಿಸಿದರು. ನಮ್ಮ ಮುಂದೆ ಗಣ್ಯರಿಗೆಂದು ಹಾಕಿದ ಕುರ್ಚಿಗಳ ಸಾಲು ಸಾಲು ಖಾಲಿ ಬಿದ್ದಿತ್ತು. ಗಣ್ಯರಿಗೆ ಅಷ್ಟು ಪ್ರೀತಿ ಇರಲಿಲ್ಲ ಎಂದು ಕಾಣುತ್ತದೆ.

ಬಸವಲಿಂಗಯ್ಯನವರು ಮೈಕು ಹಿಡಿದರು. "ಇವತ್ತು ನೀವ್ಯಾರೂ ಕೆಲಸಕ್ಕೆ ಬಂದಿಲ್ಲ. ಇದು ಕೆಲಸವಲ್ಲ. ಇದು ನಮ್ಮ ಕುಟುಂಬದ ಸಂತೋಷ!" ನಾವು ಚಪ್ಪಾಳೆ ತಟ್ಟಿದೆವು. ವೇದಿಕೆಯಲ್ಲಿ ಪರಮಶಿವಯ್ಯನವರು ಏಲಕ್ಕಿ ಹಾರ ಹಾಕಿಕೊಂಡು ಕೂತಿದ್ದರು, ಪಕ್ಕದಲ್ಲಿ ಮುಖ್ಯ ಅತಿಥಿ ಅಶ್ವತ್ಥ ಡಾಕ್ಟರು. ಶ್ರಮದ ಮಹಿಮೆ ಕುರಿತು ಭಾಷಣ ಶುರುವಾಯಿತು. ಅದು ಮುಗಿಯುವ ಲಕ್ಷಣ ಕಾಣಲಿಲ್ಲ.

"ಇಂದೂ," ಪಂಕಜಕ್ಕ ನನ್ನ ತೋಳು ಹಿಡಿದಳು. ಅವಳ ಕೈ ಸುಡುತ್ತಿತ್ತು. "ಪಟ್ಟಿ ಪೂರ್ತಿ ಒದ್ದೆಯಾಯ್ತು ಕಣೇ. ಬಿದ್ದುಬಿಡ್ತೀನೇನೋ."

"ಕೂತ್ಕೊಳಕ್ಕ. ಕುರ್ಚಿ ಕೈಗೆ ಸಿಗೋ ಹಾಗಿದೆ."

"ಶಟರ್ ಬಿದ್ರೆ?"

"ಕೆಲಸ ಅಲ್ಲ ಅಂತ ಮೈಕಲ್ಲೇ ಹೇಳಿದಾರಲ್ಲ. ಪ್ರೀತಿಗೆಲ್ಲ ಶಟರ್ ಯಾಕೆ ಬೀಳತ್ತೆ?"

ಅವಳು ಕೊನೆಯ ಸಾಲಿನ ಕುರ್ಚಿಯ ಮೇಲೆ ಮೆಲ್ಲಗೆ ಕೂತಳು. ಸಭಾಂಗಣದ ಆ ದೊಡ್ಡ ಶಟರ್ ಬಿದ್ದ ಸದ್ದಿಗೆ ಗೋಡೆಯ ಮೇಲಿನ ಮಾಜಿ ಅಧ್ಯಕ್ಷರೊಬ್ಬರ ಫೋಟೊ ಕಳಚಿ ಬಿತ್ತು.

ಭಾಷಣ ನಿಂತಿತು. ಎಲ್ಲರೂ ತಿರುಗಿ ನೋಡಿದರು. ಮೊದಲು ಶಟರ್ ನೋಡಿದರು, ಆಮೇಲೆ ಪಂಕಜಕ್ಕನನ್ನು, ಆಮೇಲೆ ಮೈಕಿನ ಮುಂದಿದ್ದ ಬಸವಲಿಂಗಯ್ಯನವರನ್ನು. ಬೇಳೆ ಅಂಗಡಿಯ ಒಬ್ಬಳು ನನ್ನ ಪಕ್ಕದಿಂದ, "ಹಂಗಾದ್ರೆ ಇದೂ ಕೆಲಸಾನೇ ಕಣ್ರೇ! ಇವರನ್ನ ಹೊಗಳೋದನ್ನ ಕೇಳಿಸ್ಕೊಳೋದೂ ಕೆಲಸ!" ಎಂದಳು. ಎಲ್ಲಿಂದಲೋ ಒಂದು ನಗು ಕಿಸಕ್ಕೆಂದಿತು. ಇಷ್ಟು ವರ್ಷ ಹಬ್ಬಕ್ಕೆಂದು, ಗೃಹಪ್ರವೇಶಕ್ಕೆಂದು, ಸಾವುಕಾರರ ಮಗಳ ಸೀಮಂತಕ್ಕೆಂದು ನಾವು ನಿಂತ ರಜೆಯ ದಿನಗಳೆಲ್ಲ ಎಲ್ಲರ ಕಣ್ಣ ಮುಂದೆ ಬಂದವು.

"ಪಂಕಜಾ, ಏಳಮ್ಮ," ಪರಮಶಿವಯ್ಯನವರು ವೇದಿಕೆಯಿಂದಲೇ ಕೂಗಿದರು.

ಪಂಕಜಕ್ಕ ಏಳಲಿಲ್ಲ. ಮುಂದಿನ ಕುರ್ಚಿಯನ್ನು ಎಳೆದುಕೊಂಡು, ಎರಡು ಕೈಯಿಂದ ಎಡಗಾಲು ಹಿಡಿದು, ಅದರ ಬೆನ್ನಿನ ಮೇಲೆ ಎತ್ತಿಟ್ಟಳು. ಹಸಿರು ನರ, ಒದ್ದೆ ಪಟ್ಟಿ, ಎಲ್ಲ ವೇದಿಕೆಗೆ ಕಾಣುವ ಹಾಗೆ. "ಆಗಲ್ಲ ಸಾವ್ಕಾರ್ರೇ. ನನ್ ಕೈಲಿ ಇನ್ನಾಗಲ್ಲ."

ನಾನು ಅವಳ ಪಕ್ಕದಲ್ಲಿ ಕೂತೆ. ಹೆದರಿಕೆಯೇನೋ ಇತ್ತು, ಆದರೆ ಆಹಾ, ಕುರ್ಚಿ ಎಷ್ಟು ಹಿತವಾಗಿತ್ತು! ಬೇಳೆ ಅಂಗಡಿಯವಳು ಕೂತಳು. ದರ್ಜಿಗಳು ಕೂತರು. ಗಣ್ಯರ ಕುರ್ಚಿಗಳೆಲ್ಲ ತುಂಬಿದವು.

ಪರಮಶಿವಯ್ಯನವರು ವೇದಿಕೆ ಇಳಿದು ನಮ್ಮತ್ತ ಹೊರಟರು. ಅರ್ಧ ದಾರಿಯಲ್ಲಿ ಮೀನಖಂಡ ಹಿಡಿಯಿತು. ಸುತ್ತ ನೋಡಿದರು, ಒಂದು ಕುರ್ಚಿಯೂ ಖಾಲಿಯಿಲ್ಲ. ಹಾರ ಹಾಕಿಕೊಂಡು ಅಲ್ಲೇ ಒಂಟಿಕಾಲಲ್ಲಿ ನಿಂತರು. ಅಶ್ವತ್ಥ ಡಾಕ್ಟರು ಅವರನ್ನು ದಾಟಿ ಬಂದು ಪಂಕಜಕ್ಕನ ಕಾಲು ಮುಟ್ಟಿ ನೋಡಿದರು. ಮುಖ ಗಂಭೀರವಾಯಿತು. "ಇವರನ್ನ ಅರ್ಧ ಗಂಟೆ ಯಾರೂ ಏಳಿಸ್ಬಾರ್ದು" ಎಂದರು, ಎಲ್ಲರಿಗೂ ಕೇಳುವ ಹಾಗೆ.

"ಅರ್ಧ ಗಂಟೆ?" ವೇದಿಕೆಯ ಮೇಲೆ ಬಸವಲಿಂಗಯ್ಯನವರ ದನಿ ಕೀರ್ತನೆಯ ತಾರಕಕ್ಕೆ ಹೋಯಿತು. ಅವರಿಗೂ ಸಕ್ಕರೆ ಕಾಯಿಲೆ. ಸಭಾಂಗಣದ ಶೌಚಾಲಯ ಶಟರಿನ ಆಚೆಗಿತ್ತು. "ಡಾಕ್ಟ್ರೇ, ನಂಗೆ ತುರ್ತಾಗಿ... ತಡ್ಕೊಳ್ಳೋಕೆ ಆಗ್ತಾ ಇಲ್ಲ!"

ನಮ್ಮ ಕಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬೆಳಿಗ್ಗೆ ಅಂಗಡಿಗೆ ಬಂದರೆ ಸಂಜೆ ಮನೆ ಮುಟ್ಟುವವರೆಗೆ ನೀರು ಕುಡಿಯಲೂ ಹೆದರುವವರು ನಾವು. ನನಗೆ ನಗು ತಡೆಯಲಾಗಲಿಲ್ಲ. "ಅಭ್ಯಾಸ ಆದ್ರೆ ಆಗತ್ತೆ ಸ್ವಾಮಿ, ಸಂಜೆ ತನಕ ತಡ್ಕೋಬಹುದು" ಎಂದೆ.

"ಏನು ಬೇಕಮ್ಮ ನಿಮಗೆ? ಬೇಗ ಹೇಳಿ, ಬೇಗ!"

ಎಲ್ಲರೂ ಪಂಕಜಕ್ಕನ ಕಡೆ ನೋಡಿದರು. ಅವಳು ಯಾವತ್ತೂ ಗಿರಾಕಿಗೆ ಬೇಕಾದ್ದನ್ನು ಹೇಳಿದವಳೇ ಹೊರತು ತನಗೆ ಬೇಕಾದ್ದನ್ನು ಹೇಳಿ ಅಭ್ಯಾಸವಿಲ್ಲ. "ದಿನಾ ಮಧ್ಯಾಹ್ನ ಉಂಡ ಮೇಲೆ ಒಂದು ಗಂಟೆ ಪೇಟೇಲಿ ಎಲ್ರೂ ಕೂರ್ತೀವಿ. ಶಟರ್ ಬೀಳ್ಲಿ ಬಿಡಿ, ಎದ್ದ ಮೇಲೆ ಎತ್ಕೋಬಹುದು. ಬಾಕಿ ಹೊತ್ತಲ್ಲಿ ಒಂದೇ ಕಡೆ ನೆಟ್ಟು ನಿಲ್ಲಿಸ್ಬೇಡಿ, ಓಡಾಡಕ್ಕೆ ಬಿಡಿ. ಆಮೇಲೆ... ಈ ಕಾಲು ವಾಸಿ ಆಗೋವರೆಗೆ ನನ್ನ ಜಾಗಕ್ಕೆ ಯಾರನ್ನೂ ತಗೋಬೇಡಿ."

"ನಡುಮಧ್ಯಾಹ್ನ ಪೇಟೆ ಮುಚ್ಚೋದಾ? ನಮ್ಮ ಹಿರಿಯರ ಕಾಲದಿಂದ..." ಎಂದು ಬಸವಲಿಂಗಯ್ಯನವರು ಶುರು ಮಾಡಿದರು. ಆದರೆ ಅವರ ಹಿರಿಯರ ಕಾಲದ ಕಥೆ ಹೇಳಲು ಅವರ ಮೂತ್ರಕೋಶ ಬಿಡಲಿಲ್ಲ. ಎರಡು ಕಾಲೂ ಹೆಣೆದುಕೊಂಡು, "ಆಯ್ತು! ಒಪ್ಪಿದೆ! ಸಂಘ ಒಪ್ಪಿದೆ! ಎಲ್ರೂ ಕೇಳಿಸ್ಕೊಂಡ್ರಾ, ಒಪ್ಪಿದೆ!" ಎಂದು ಮೈಕಿನಲ್ಲೇ ಕಿರುಚಿದರು. ಪರಮಶಿವಯ್ಯನವರು ನಿಂತಲ್ಲಿಂದಲೇ, "ನಾನೂ ಒಪ್ಪಿದೆ ಕಣಮ್ಮ, ಈಗ್ಲಾದ್ರೂ ಏಳು" ಎಂದರು.

ನಾವೆಲ್ಲ ಎದ್ದೆವು. ಶಟರ್ ಏಳಲಿಲ್ಲ. ನಾಲ್ಕು ಜನ ಎತ್ತಿದರು, ಅಲುಗಲಿಲ್ಲ. ತಿರುಗಿ ನೋಡಿದರೆ ಪಂಕಜಕ್ಕ ಕಾಲು ಮೇಲಿಟ್ಟ ಹಾಗೆಯೇ, ಕತ್ತು ವಾಲಿಸಿ, ಬಾಯಿ ಸ್ವಲ್ಪ ತೆರೆದು, ನಿದ್ದೆ ಹೋಗಿದ್ದಳು. ಬಸವಲಿಂಗಯ್ಯನವರು ಅವಳನ್ನು ಅಲ್ಲಾಡಿಸಲು ಓಡಿ ಬಂದರು. ಡಾಕ್ಟರು ಅಡ್ಡ ನಿಂತು, "ಅರ್ಧ ಗಂಟೆ ಅಂದೆನಲ್ಲ" ಎಂದರು. ಅಧ್ಯಕ್ಷರು ಒಮ್ಮೆ ಅವರ ಮುಖ ನೋಡಿ, ಒಮ್ಮೆ ಶಟರ್ ನೋಡಿ, ವೇದಿಕೆಯ ಪರದೆಯ ಹಿಂದಿದ್ದ ಹೂಕುಂಡದ ಕಡೆ ಓಡಿದರು.

ನಾನು ಮತ್ತೆ ಅವಳ ಪಕ್ಕ ಕೂತೆ. ಸಭಾಂಗಣ ತಣ್ಣಗಾಗಿತ್ತು, ಮಲಗಿದ ಮಗುವಿರುವ ಮನೆಯಲ್ಲಿ ಮಾತಾಡುವಂತೆ ಎಲ್ಲರೂ ಪಿಸುಗುಡುತ್ತಿದ್ದರು. ಡಾಕ್ಟರು ಹಳೆಯ ಪಟ್ಟಿ ಬಿಚ್ಚಿ ಗಾಯ ಒರೆಸಿದರು, ಅವಳಿಗೆ ಎಚ್ಚರವಾಗಲಿಲ್ಲ. ಊತ ನಿಧಾನವಾಗಿ ಇಳಿಯತೊಡಗಿತು. ಗಾಳಿ ತುಂಬಿದ ಬಲೂನಿನ ಹಾಗೆ ಬಿಗಿದುಕೊಂಡಿದ್ದ ಚರ್ಮದ ಮೇಲೆ ಮೊದಲು ಒಂದು ಸುಕ್ಕು ಮೂಡಿತು, ಆಮೇಲೆ ಇನ್ನೊಂದು. ಆಮೇಲೆ ಗಿಣ್ಣಿನ ಹತ್ತಿರ ಏನೋ ಗುಂಡಗೆ ಎದ್ದು ಕಂಡಿತು. ಬಾವು ಎಂದುಕೊಂಡು ಗಾಬರಿಯಾಗಿ, "ಡಾಕ್ಟ್ರೇ, ಇದೇನಿದು?" ಎಂದು ಬೆರಳಿಟ್ಟು ತೋರಿಸಿದೆ.

"ಅದಾ?" ಎಂದರು ಅವರು. "ಅದು ಅವರ ಕಾಲಿನ ಮೂಳೆ ಕಣಮ್ಮ. ಎಲ್ಲರಿಗೂ ಇರತ್ತೆ."